ನಗಿಸುವ ದೆವ್ವಗಳು, ನಗಲರಿಯದ ದೆವ್ವಗಳು

ಕಳೆದ ದಸರಾ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ವಾಡಿಗೆ ಬಂದಿದ್ದಳು. ಪಿ.ಯು.ಸಿ. ಎರಡನೆಯ ವರ್ಷದ ಹುಡುಗಿ. ಚೀಲದಲ್ಲಿ ಬಟ್ಟೆಗಳಿಗಿಂತ ಪುಸ್ತಕಗಳೇ ಹೆಚ್ಚಾಗಿದ್ದುದನ್ನು ಕಂಡು, ಮಾಸ್ತರನ ಮೊಮ್ಮಗಳೆಂಬುದು ಸಾರ್ಥಕವಾಯಿತೆಂದು ಒಳಗೊಳಗೇ ಹಿಗ್ಗಿದೆ. ಆದರೆ ಅವಳು ಪಡಸಾಲೆಯಲ್ಲಿ ಕುಳಿತು ಓದುತ್ತ ತನ್ನಷ್ಟಕ್ಕೆ ತಾನೇ ನಗುತ್ತಿದ್ದ ಪುಸ್ತಕ ಯಾವುದೆಂದು ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಅದೊಂದು ಇಂಗ್ಲಿಷ್ ಕಾದಂಬರಿ, ಅದರ ನಾಯಕರು ಇಬ್ಬರು, ಒಬ್ಬ ರಕ್ತ ಹೀರುವ ಪಿಶಾಚಿ, ಇನ್ನೊಬ್ಬ ತೋಳವಾಗಿ ಮಾರ್ಪಡುವ ಮನುಷ್ಯ.

ಆ ಹೊತ್ತಿಗೆ ನನ್ನ ಹಿರಿಯಕ್ಕ ಮನೆಯಲ್ಲಿದ್ದಳು. ಎಂಬತ್ತು ದಾಟಿದ ಜೀವ. ಕಣ್ಣು ಮಂಜಾದರೂ ಕಿವಿ ಚುರುಕು. ಅವಳು ನನ್ನನ್ನು ಕರೆದು ಗದರಿಸಿದಳು: "ತಮ್ಮಾ, ನೀ ಮಾಸ್ತರ ಆದಾಂವ. ಮುಸ್ಸಂಜಿ ಹೊತ್ತಿನಾಗ ಹುಡುಗಿ ದೆವ್ವದ ಪುಸ್ತಕ ಓದ್ಲಿಕತ್ಯಾಳ, ನೀ ನೋಡ್ಕೋತ ಕುಂತಿದಿ. ನಾಳಿ ಏನರೆ ಗಾಳಿ ಸೋಕಿದರ ಯಾರ ಜವಾಬ್ದಾರಿ?" ಮೊಮ್ಮಗಳು ಜಗಳವಾಡಲಿಲ್ಲ. ಪುಸ್ತಕವನ್ನು ನನ್ನ ಕೈಗಿತ್ತು, "ಮುತ್ಯಾ, ಮೊದಲು ನೀವು ಓದ್ರಿ. ಆಮ್ಯಾಲ ಬೈರಿ" ಎಂದಳು. ನ್ಯಾಯವಾದ ಮಾತು. ಓದದೆ ತೀರ್ಪು ಕೊಡಬಾರದೆಂದು ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆಲ್ಲ ಹೇಳಿದವನು ನಾನೇ ಅಲ್ಲವೇ? ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ.

ಅಮೆರಿಕದ ಎ. ಲೀ ಮಾರ್ಟಿನೆಜ್ ಎಂಬ ಲೇಖಕರ 'ಗಿಲ್ಸ್ ಆಲ್ ಫ್ರೈಟ್ ಡೈನರ್' ಆ ಕಾದಂಬರಿಯ ಹೆಸರು, ಪ್ರಕಟವಾದದ್ದು 2005ರಲ್ಲಿ. ರಾತ್ರಿಯಿಡೀ ತೆರೆದಿರುವ ಖಾನಾವಳಿಗೆ ಅಲ್ಲಿ 'ಆಲ್ ನೈಟ್ ಡೈನರ್' ಎನ್ನುತ್ತಾರೆ. ಲೇಖಕರು 'ನೈಟ್' ಎಂಬಲ್ಲಿ 'ಫ್ರೈಟ್', ಅಂದರೆ ಭಯ, ಎಂದು ಸೇರಿಸಿ ಚೇಷ್ಟೆ ಮಾಡಿದ್ದಾರೆ. ಅರ್ಲ್ ಎಂಬವನು ಪಿಶಾಚಿ, ಡ್ಯೂಕ್ ಎಂಬವನು ತೋಳಮಾನವ. ಇಬ್ಬರೂ ಹಳೆಯದೊಂದು ಪಿಕಪ್ ಗಾಡಿಯಲ್ಲಿ ಊರೂರು ತಿರುಗುವ ಅಲೆಮಾರಿಗಳು. ರಾಕ್‌ವುಡ್ ಎಂಬ ಧೂಳು ತುಂಬಿದ ಸಣ್ಣ ಊರಿನ ಖಾನಾವಳಿಗೆ ಊಟಕ್ಕೆಂದು ಇಳಿಯುತ್ತಾರೆ. ಅಲ್ಲಿ ಸತ್ತ ಹೆಣಗಳು ಎದ್ದು ಬಂದು ಗಿರಾಕಿಗಳಿಗೆ ತೊಂದರೆ ಕೊಡುತ್ತಿವೆ. ಮಾಲಕಿ ಲೊರೆಟ್ಟಾಳಿಗೆ ಹೆಣಗಳ ಭಯಕ್ಕಿಂತ ವ್ಯಾಪಾರ ಕೆಡುವ ಚಿಂತೆಯೇ ದೊಡ್ಡದು. ಈ ಇಬ್ಬರೂ ಸಣ್ಣ ಕೂಲಿಗೆ ಒಪ್ಪಿಕೊಂಡು ಆ ಉಪದ್ರವವನ್ನು ನಿವಾರಿಸಲು ನಿಲ್ಲುತ್ತಾರೆ. ಸತ್ತ ಆಕಳುಗಳು ಕೂಡ ಎದ್ದು ಬರುತ್ತವೆ. ಇಷ್ಟೆಲ್ಲ ಅನಾಹುತಕ್ಕೆ ಕಾರಣಳು ಯಾರೆಂದರೆ ಹೈಸ್ಕೂಲಿನಲ್ಲಿ ಓದುವ ಒಬ್ಬ ಹುಡುಗಿ! ಜಗತ್ತನ್ನು ಪ್ರಳಯಕ್ಕೆ ದೂಡುವ ಮಹತ್ಕಾರ್ಯದ ನಡುವೆ ಅವಳಿಗೆ ಮನೆ, ಶಾಲೆಗಳ ಕಿರಿಕಿರಿ ಬೇರೆ. ಶಿಕ್ಷಕನಾಗಿದ್ದ ನನಗೆ ಈ ಭಾಗ ಮಾತ್ರ ಕಲ್ಪನೆಯೆನಿಸಲಿಲ್ಲ.

ಈ ಬಗೆಯ ಕಾದಂಬರಿಗಳು ಪಶ್ಚಿಮದಲ್ಲಿ ಹೇರಳವಾಗಿವೆ. ಹಿಂದಿನ ಕಥೆಗಳಲ್ಲಿ ಪಿಶಾಚಿಗಳು ಪಾಳು ಕೋಟೆಗಳಲ್ಲಿ ವಾಸಿಸುತ್ತಿದ್ದವು. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ಇದಕ್ಕೆ ಪ್ರಸಿದ್ಧ ನಿದರ್ಶನ. ಇಂದಿನ ಕಾದಂಬರಿಕಾರರು ಅವುಗಳನ್ನು ಕೋಟೆಯಿಂದಿಳಿಸಿ ನಮ್ಮ ನಿಮ್ಮ ಬೀದಿಗೆ ತಂದಿದ್ದಾರೆ. ಅವು ಬಾಡಿಗೆ ಕಟ್ಟುತ್ತವೆ, ನೌಕರಿ ಮಾಡುತ್ತವೆ, ಪರಸ್ಪರ ಚಾಡಿ ಹೇಳುತ್ತವೆ. ಇಂಗ್ಲೆಂಡಿನ ಟೆರ್ರಿ ಪ್ರ್ಯಾಚೆಟ್ ಅವರ (ಅವರು 2015ರಲ್ಲಿ ತೀರಿಕೊಂಡರು) ಕಾಲ್ಪನಿಕ ನಗರದಲ್ಲಿ ತೋಳವಾಗಬಲ್ಲ ಹೆಣ್ಣೊಬ್ಬಳು ಪೋಲೀಸ್ ಇಲಾಖೆಯಲ್ಲಿದ್ದಾಳೆ. ರಕ್ತ ಕುಡಿಯುವುದನ್ನು ಬಿಡುತ್ತೇವೆಂದು ಪ್ರಮಾಣ ಮಾಡಿದ ಪಿಶಾಚಿಗಳದ್ದೇ ಒಂದು ಸಂಘವಿದೆ, ನಮ್ಮಲ್ಲಿ ಪಾನನಿರೋಧ ಸಂಘಗಳಿರುವಂತೆ!

ಓದಿ ಮುಗಿಸಿದ ಮೇಲೆ ಅಕ್ಕನ ಆಕ್ಷೇಪಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಅಕ್ಕನದಷ್ಟೇ ಏಕೆ, ನಿಮ್ಮಲ್ಲಿ ಇಂದು ತಂದೆ ತಾಯಂದಿರಾಗಿರುವ ಅನೇಕರೂ ಇವನ್ನೇ ಹೇಳುತ್ತೀರಿ. ಮೊದಲನೆಯದು: ಇದು ಪರದೇಶದ ಹುಚ್ಚು, ನಮ್ಮ ಸಂಸ್ಕೃತಿಯಲ್ಲ. ಎರಡನೆಯದು: ಇಂಥವನ್ನು ಓದಿದರೆ ಮಕ್ಕಳಲ್ಲಿ ಭಯವೂ ಮೂಢನಂಬಿಕೆಯೂ ಬೆಳೆಯುತ್ತವೆ. ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದನ್ನು ಏಕೆ ಒಪ್ಪಲಾರೆನೆಂಬುದನ್ನು ಪುಸ್ತಕಗಳು ಹೇಳುತ್ತವೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಇದುವರೆಗೆ ನಿಮ್ಮಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ.

ಪರದೇಶದ ಹುಚ್ಚೇ? ವಾಡಿಯಿಂದ ಸೇಡಂ ಕಡೆಗೆ ಹೊರಟರೆ ಕಾಗಿಣಾ ದಂಡೆಯ ಮಳಖೇಡ ದೂರವೇನಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅವರ ತರುವಾಯ ಬಂದ ಚಾಲುಕ್ಯರಿಗೂ ಆರಂಭದಲ್ಲಿ ಅದೇ ರಾಜಧಾನಿ. ಆ ಚಾಲುಕ್ಯ ತೈಲಪ ಮತ್ತು ಅವನ ಮಗ ಸತ್ಯಾಶ್ರಯರ ಆಶ್ರಯದಲ್ಲಿದ್ದ ರನ್ನನ 'ಗದಾಯುದ್ಧ'ವನ್ನು ನೆನಪಿಸಿಕೊಳ್ಳಿ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಹೆಣಗಳ ರಾಶಿಯ ನಡುವೆ ಎಡವುತ್ತ ನಡೆಯುತ್ತಾನೆ. ಅಲ್ಲಿ ರಕ್ತ ಕುಡಿದು ಸೊಕ್ಕಿದ ಮರುಳುಗಳು ಅವನನ್ನು ಅಡ್ಡಗಟ್ಟಿ ಹಾಸ್ಯ ಮಾಡುತ್ತವೆ. 'ಮರುಳು' ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಸಂಧಿಯನ್ನು ತಿರಸ್ಕರಿಸಿ ಕುಲವನ್ನೆಲ್ಲ ಕೊಲ್ಲಿಸಿದವನೆದುರು ನಿಂತು, ನಿಜವಾದ ಮರುಳು ಯಾರೆಂದು ಪಿಶಾಚಿಗಳೇ ಕೇಳುವ ಆ ಸನ್ನಿವೇಶಕ್ಕಿಂತ ಕಪ್ಪಾದ ಹಾಸ್ಯ ಇನ್ನೆಲ್ಲಿದೆ? ಸಾವಿರ ವರ್ಷಗಳ ಹಿಂದೆ, ನಮ್ಮ ಭಾಷೆಯಲ್ಲೇ, ರಕ್ತ ಕುಡಿಯುವ ಭೂತಗಳು ಚಕ್ರವರ್ತಿಗೆ ವಿವೇಕ ಹೇಳಿದ್ದವು.

ಇನ್ನು ಬೇತಾಳನನ್ನು ಮರೆಯುವುದುಂಟೇ? ನಿಮ್ಮಲ್ಲಿ ಬಹುಮಂದಿ ಬೇತಾಳನನ್ನು ಬಲ್ಲದ್ದು 'ಚಂದಮಾಮ'ದ ಮೂಲಕ. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಖಡ್ಗ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಬರೆದ ಕಲಾವಿದ ಶಂಕರ್ 2020ರಲ್ಲಿ ನಿಧನರಾದರು. ಆ ಕಥೆಗಳು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಗ್ರಹಿಸಿದ 'ಕಥಾಸರಿತ್ಸಾಗರ'ದಲ್ಲಿವೆ. 1870ರಲ್ಲಿ ರಿಚರ್ಡ್ ಬರ್ಟನ್ ಅವುಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದು 'ವಿಕ್ರಮ್ ಆ್ಯಂಡ್ ದಿ ವ್ಯಾಂಪೈರ್' ಎಂದು ಹೆಸರಿಟ್ಟ. ಡ್ರಾಕುಲಾ ಹುಟ್ಟುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ನಮ್ಮ ಬೇತಾಳ ಇಂಗ್ಲಿಷ್ ಓದುಗರ ಮನೆಗೆ ಹೋಗಿ ಕುಳಿತಿದ್ದ! ಬೇತಾಳನ ಗುಣವನ್ನು ಗಮನಿಸಿ. ಅವನು ಹೆದರಿಸುವುದಕ್ಕಿಂತ ಹೆಚ್ಚಾಗಿ ಕೆಣಕುತ್ತಾನೆ. ಪ್ರಶ್ನೆ ಕೇಳುತ್ತಾನೆ. ಸರಿಯುತ್ತರ ಹೇಳಿದರೂ ರಾಜನ ಶ್ರಮ ವ್ಯರ್ಥ. ಪರೀಕ್ಷೆಗೆ ಕುಳಿತ ಯಾವ ವಿದ್ಯಾರ್ಥಿಗೂ ಈ ಸಂಕಟ ಅರ್ಥವಾಗಬಲ್ಲದು.

ಅದೇ ಬೇತಾಳನ ಕಥೆಯೊಂದರಲ್ಲಿ ಇಬ್ಬರ ತಲೆಗಳು ಅದಲುಬದಲಾಗುತ್ತವೆ. ಜರ್ಮನ್ ಲೇಖಕ ಥಾಮಸ್ ಮನ್ ಅದನ್ನು 1940ರಲ್ಲಿ ಕಿರುಕಾದಂಬರಿಯಾಗಿಸಿದ. ಗಿರೀಶ ಕಾರ್ನಾಡರು 1971ರಲ್ಲಿ 'ಹಯವದನ' ನಾಟಕವನ್ನಾಗಿಸಿದರು. ಕುದುರೆಯ ತಲೆ, ಮನುಷ್ಯನ ಮೈ ಇರುವ ಹಯವದನ ಪೂರ್ಣನಾಗಬೇಕೆಂದು ಹಂಬಲಿಸಿ ಕಾಳಿಯ ಮೊರೆಹೋಗುತ್ತಾನೆ. ಕೊನೆಗೆ ಪೂರ್ಣನಾಗುತ್ತಾನೆ, ಆದರೆ ಪೂರ್ಣ ಕುದುರೆಯಾಗಿ. ತಲೆ ಕತ್ತರಿಸಿಕೊಳ್ಳುವ ಭಕ್ತರೆದುರು ಆ ನಾಟಕದ ಕಾಳಿ ಆಕಳಿಸುತ್ತಾಳೆ. ಅಮೆರಿಕದ ತೋಳಮಾನವನಿಗೆ ನಮ್ಮ ಕುದುರೆಮಾನವ ದಾಯಾದಿಯೇ ಸರಿ.

ಪುಸ್ತಕಗಳ ಮಾತು ಬಿಡಿ. ಜನ ಸಾಮಾನ್ಯರ ಹಾಸ್ಯಕ್ಕೆ ಏನು ಕಡಿಮೆ? 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿಡುತ್ತಿದ್ದರು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಆ ಬರಹವನ್ನು ಓದಿ ಹಿಂದಿರುಗುತ್ತದೆ. ಮರುರಾತ್ರಿ ಬಂದರೂ ಅಲ್ಲಿ 'ನಾಳೆ ಬಾ' ಎಂದೇ ಇರುತ್ತದೆ. 2018ರಲ್ಲಿ ತೆರೆಕಂಡ 'ಸ್ತ್ರೀ' ಎಂಬ ಹಿಂದಿ ಚಲನಚಿತ್ರ ಇದೇ ಕಥೆಯನ್ನು ಬಳಸಿಕೊಂಡಿತು. ಕನ್ನಡ ಮಾಸ್ತರನಾಗಿ ನನಗೆ ಇದರಲ್ಲಿ ಎರಡು ಸಂಗತಿಗಳು ಹಿಡಿಸುತ್ತವೆ. ಒಂದು, ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ. ಎರಡು, ಅದು ತೀರ ಸಭ್ಯ ದೆವ್ವ. 'ನಾಳೆ ಬಾ' ಎಂದವರ ಮಾತನ್ನು ನಂಬಿ ಪ್ರತಿದಿನ ಹಿಂದಿರುಗುತ್ತದೆ. ಪಿಂಚಣಿ ಕಾಗದಕ್ಕೆಂದು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮಂಥವರಿಗೆ ಆ ದೆವ್ವದ ಮೇಲೆ ಸಹಾನುಭೂತಿ ಹುಟ್ಟದಿರದು.

ಆದ್ದರಿಂದ ಮೊಮ್ಮಗಳ ಪುಸ್ತಕ ಪರದೇಶದ್ದಾದರೂ ಅದರ ಪ್ರಾಣ ನಮಗೆ ಅಪರಿಚಿತವಲ್ಲ. ಇನ್ನು ಎರಡನೆಯ ಆಕ್ಷೇಪ. ಇಲ್ಲಿ ನಾನು ನಗುವಂತಿಲ್ಲ.

ವಾಡಿಯಲ್ಲಿ ನನ್ನ ಕೈಕೆಳಗೆ ಓದಿದವರಿಗೆ ನೆನಪಿರಬಹುದು: ಮಳೆ ಸುರಿದು ಆಟದ ಅವಧಿ ತಪ್ಪಿದ ದಿನ ನೀವೆಲ್ಲ ದೆವ್ವದ ಕಥೆ ಹೇಳಿರೆಂದು ಪೀಡಿಸುತ್ತಿದ್ದಿರಿ. ನಾನು ಹೇಳುತ್ತಿದ್ದೆ. ಆದರೆ ನನ್ನ ಕಥೆಯ ದೆವ್ವಕ್ಕೆ ನೆಗಡಿಯಾಗಿರುತ್ತಿತ್ತು. ಶಹಾಬಾದಿನ ಫರಸಿಯ ಮೇಲೆ ಕಾಲು ಜಾರಿ ಬೀಳುತ್ತಿತ್ತು. ಜಂಕ್ಷನ್ನಿನಲ್ಲಿ ಸಿಕಂದರಾಬಾದಿನ ಗಾಡಿಯೆಂದು ತಿಳಿದು ಮುಂಬಯಿಯ ಗಾಡಿ ಹತ್ತುತ್ತಿತ್ತು. ಒಬ್ಬ ಹುಡುಗ ಎದ್ದುನಿಂತು, "ಸರ್, ನಿಮ್ಮ ದೆವ್ವಕ್ಕ ಯಾರೂ ಅಂಜಂಗಿಲ್ಲರಿ" ಎಂದು ದೂರಿದ್ದ. ಅಂಜಬಾರದೆಂದೇ ನಾನು ಹಾಗೆ ಹೇಳುತ್ತಿದ್ದೆ. ಅದಕ್ಕೊಂದು ಕಾರಣವಿತ್ತು.

1982ರ ಸುಮಾರಿನ ಮಾತು. ವಾಡಿಗೆ ಬರುವುದಕ್ಕೆ ಮೊದಲು ನಮ್ಮ ಜಿಲ್ಲೆಯದೇ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಇಂದು ಬದುಕಿರುವವರಿಗೆ ಆ ಹೊರೆ ಹೊರಿಸುವುದು ನ್ಯಾಯವಲ್ಲ. ಒಂದು ಮಧ್ಯಾಹ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ನಾಯಿಯಂತೆ ಬೊಗಳತೊಡಗಿದಳು. ಕಣ್ಣು ಮೇಲೆ ಸಿಕ್ಕಿತ್ತು, ಕೈಬೆರಳು ಮಡಚಿದ್ದವು. ಮರುದಿನ ಇನ್ನಿಬ್ಬರು. ವಾರ ಕಳೆಯುವುದರೊಳಗೆ ಓಣಿಯ ಹೆಂಗಸರಲ್ಲೂ ಕೆಲವರು ಬೊಗಳಿದರು, ಒಬ್ಬಳು ಬೆಕ್ಕಿನಂತೆ ಕೂಗಿದಳು. ನಮ್ಮ ಭಾಗದವರಿಗೆ ಇದರ ಹೆಸರು ಹೇಳಬೇಕಾಗಿಲ್ಲ. ಬಾನಾಮತಿ. ಬೀದರ, ಕಲಬುರಗಿ ಮತ್ತು ನೆರೆಯ ತೆಲಂಗಾಣದ ಹಳ್ಳಿಗಳಲ್ಲಿ ಆ ವರ್ಷಗಳಲ್ಲಿ ಈ ಹೆಸರು ಕೇಳಿದರೆ ಮನೆಗಳ ಬಾಗಿಲು ಮುಚ್ಚುತ್ತಿದ್ದವು.

ಬಾನಾಮತಿ ಎಂದ ಮೇಲೆ ಮಾಡಿದವರೊಬ್ಬರು ಬೇಕಲ್ಲ? ಶಾಲೆಯ ಹರವಿಗೆ ದಿನವೂ ನೀರು ತುಂಬುತ್ತಿದ್ದ ಒಬ್ಬ ವಿಧವೆಯಿದ್ದಳು. ಮಕ್ಕಳಿಲ್ಲ, ಹೊಲವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಹುಡುಗರು ಅವಳನ್ನು ಆಯಿ ಎನ್ನುತ್ತಿದ್ದರು. "ನೀರಿನಾಗ ಏನೋ ಹಾಕ್ಯಾಳ" ಎಂದು ಯಾರೋ ಒಬ್ಬರು ಅಂದರು. ಯಾರೆಂದು ಇಂದಿಗೂ ತಿಳಿಯದು. ಸಂಜೆಯೊಳಗೆ ಅದು ಊರಿನ ಮಾತಾಯಿತು. ಹಲ್ಲಿಲ್ಲದ ಬಾಯಿಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲವೆಂಬ ನಂಬಿಕೆಯೊಂದಿತ್ತು. ಆ ರಾತ್ರಿ ಅವಳ ಮುಂದಿನ ಹಲ್ಲುಗಳನ್ನು ಕಿತ್ತರು.

ನಾನು ಆಗ ಎಲ್ಲಿದ್ದೆ ಎಂದು ಕೇಳುತ್ತೀರಿ. ನನ್ನ ಕೋಣೆಯಲ್ಲಿದ್ದೆ. ಅವಳ ಗುಡಿಸಲಿಗೂ ನನ್ನ ಕೋಣೆಗೂ ನಡುವೆ ನಾಲ್ಕು ಮನೆಗಳು. "ನಾವು ಹೊರಗಿನವರು. ಊರ ಗೊಡವಿ ನಮಗ್ಯಾಕ್ರಿ ಮಾಸ್ತರ್" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಆ ಮಾತು ನನಗೆ ಅನುಕೂಲವಾಗಿತ್ತು. ಕೂಗು ಕೇಳಿಸಿತು. ಅಗಳಿ ಹಾಕಿಕೊಂಡೆ. ದೆವ್ವ ಭೂತಗಳಿಲ್ಲವೆಂದು ಹಗಲು ಹಲಗೆಯ ಮೇಲೆ ಬರೆದು ತೋರಿಸಿದ್ದವನು, ರಾತ್ರಿ ಅದನ್ನೇ ಬೀದಿಯಲ್ಲಿ ನಿಂತು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ಹೋಗಿ ಹಾಜರಿ ಕರೆದೆ. ಹರವಿ ಬರಿದಾಗಿತ್ತು. ಕೆಲವು ದಿನಗಳ ಬಳಿಕ ಅವಳು ಊರು ಬಿಟ್ಟಳೆಂದು ತಿಳಿಯಿತು. ಎಲ್ಲಿಗೆ ಹೋದಳೋ ಯಾರೂ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ.

ಮೊದಲು ಬೊಗಳಿದ ಹುಡುಗಿಗೆ ಹದಿಮೂರು ವರ್ಷ. ಅವಳ ಮದುವೆ ನಿಶ್ಚಯವಾಗಿತ್ತೆಂಬುದು ನನಗೆ ಮೊದಲೇ ಗೊತ್ತಿತ್ತು. ಶಾಲೆ ಬಿಡಿಸಬೇಡಿರೆಂದು ಅವಳು ತಾಯಿಯ ಕಾಲು ಹಿಡಿದಿದ್ದಳೆಂಬುದೂ ಗೊತ್ತಿತ್ತು. ಈ ಎರಡು ಸಂಗತಿಗಳನ್ನು ಬೊಗಳುವಿಕೆಯೊಡನೆ ಸೇರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಬಹಳ ವರ್ಷಗಳ ಅನಂತರ, ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ಮೈಮೇಲೆ ಬರುವುದು, ದೆವ್ವ ಹಿಡಿಯುವುದು ಮುಂತಾದವುಗಳ ಬಗ್ಗೆ ಕನ್ನಡದಲ್ಲಿ ಸರಳವಾಗಿ ಬರೆದದ್ದನ್ನು ಓದಿದಾಗ ಕಣ್ಣು ತೆರೆಯಿತು. ಬಾಯಿಬಿಟ್ಟು ಹೇಳಲಾಗದ ಸಂಕಟವನ್ನು ಮನಸ್ಸು ಮೈಯ ಮೂಲಕ ಹೇಳುತ್ತದೆ. ಅದು ನಟನೆಯಲ್ಲ, ಮಾಟವೂ ಅಲ್ಲ. ಒಬ್ಬರನ್ನು ನೋಡಿ ಅದೇ ಬಗೆಯ ಸಂಕಟದಲ್ಲಿರುವ ಇನ್ನೊಬ್ಬರಿಗೆ ಹರಡಲೂ ಬಲ್ಲದು. 'ಒಲ್ಲೆ' ಎನ್ನಲು ಅವಕಾಶವಿಲ್ಲದ ಹುಡುಗಿ ಬೊಗಳಿದಳು. ಬೊಗಳಿದ್ದರ ಅರ್ಥವನ್ನು ಯಾರೂ ಕೇಳಲಿಲ್ಲ. ಆ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ನಾನೂ ಹೋಗಿ ಉಂಡು ಬಂದೆ.

'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆಯನ್ನು ನಿಮಗೆ ಎಷ್ಟೋ ಸಲ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ನೀವು ಬರೆದುದನ್ನು ತಿದ್ದುವಾಗಲೆಲ್ಲ ಆ ರಾತ್ರಿ ನೆನಪಾಗುತ್ತಿತ್ತು. ಕಲ್ಲೆಸೆಯುವವರಿಗೆ ಮೊದಲು ಒಂದು ತೋಳ ಬೇಕು. ಇಲ್ಲದಿದ್ದರೆ ದಿಕ್ಕಿಲ್ಲದ ಮನುಷ್ಯರೊಬ್ಬರನ್ನು ತೋಳವೆಂದು ಹೆಸರಿಸಬೇಕು. ಕಥೆಯಲ್ಲಿ ಮನುಷ್ಯ ತಾನಾಗಿಯೇ ತೋಳವಾಗುತ್ತಾನೆ; ಊರಿನಲ್ಲಿ ನಾವು ಅವನನ್ನು ತೋಳವಾಗಿಸುತ್ತೇವೆ.

ಈಗ ಅಕ್ಕನ ಎರಡನೆಯ ಆಕ್ಷೇಪಕ್ಕೆ ಉತ್ತರ ಹೇಳಬಲ್ಲೆ. ಆ ಹಳ್ಳಿಯಲ್ಲಿ ಯಾರೂ ದೆವ್ವದ ಕಾದಂಬರಿ ಓದಿರಲಿಲ್ಲ. ಅಲ್ಲಿದ್ದ ಭಯ ಪುಸ್ತಕದಿಂದ ಬಂದದ್ದಲ್ಲ. ಅದಕ್ಕೆ ಆರಂಭವೂ ಇರಲಿಲ್ಲ, ಕೊನೆಯ ಪುಟವೂ ಇರಲಿಲ್ಲ. ಕಥೆಯ ಭಯವನ್ನು ಓದುಗ ತಾನಾಗಿ ಆರಿಸಿಕೊಳ್ಳುತ್ತಾನೆ, ಬೇಡವೆನಿಸಿದಾಗ ಪುಸ್ತಕ ಮುಚ್ಚುತ್ತಾನೆ. ಅದರಲ್ಲೂ ಹಾಸ್ಯ ಬೆರೆತ ಭಯಕ್ಕೆ ಒಂದು ವಿಶೇಷ ಗುಣವಿದೆ. ನಗಬೇಕಾದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಹಾಗೆ ನೋಡಿದವನಿಗೆ 'ಇದು ಹೀಗೇಕೆ?' ಎಂಬ ಪ್ರಶ್ನೆ ಹುಟ್ಟುತ್ತದೆ. ಆ ರಾತ್ರಿ ಗುಂಪಿನಲ್ಲಿ ಒಬ್ಬನೇ ಒಬ್ಬ, "ಅಲ್ರೋ, ಇಷ್ಟು ಮಂತ್ರ ಬರೋ ಮುದುಕಿ ಮೊದಲು ತನ್ನ ಗುಡಿಸಲದ ಮಾಡರೆ ಸೋರಲಾರದಂಗ ಮಾಡ್ಕೋತಿದ್ದಿಲ್ಲೇನು?" ಎಂದು ಕೇಳಿದ್ದರೆ! ಯಾರಾದರೂ ನಕ್ಕಿದ್ದರೆ! ಕೇಳಬೇಕಾದವನು ಅಗಳಿ ಹಾಕಿಕೊಂಡು ಕುಳಿತಿದ್ದ.

ಇದೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕಲಬುರಗಿಯ ಸಮೀಪದಲ್ಲೇ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟದ್ದನ್ನು ದೇಶವೆಲ್ಲ ಕಂಡಿತು. ಹೂತವರು ಕ್ರೂರಿಗಳಲ್ಲ, ಹೆತ್ತವರು. ಹತಾಶೆಯಿಂದ ಏನನ್ನಾದರೂ ನಂಬಲು ಸಿದ್ಧರಾದವರು. ಅವರನ್ನು ನೋಡಿ ನಗಲು ನನಗೆ ಮನಸ್ಸಾಗಲಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ಮಾಟಮಂತ್ರಗಳನ್ನು ತಡೆಯುವ ಕರ್ನಾಟಕದ ಕಾಯಿದೆ 2017ರಲ್ಲಿ ಅಂಗೀಕೃತವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವಂಥ ಕೃತ್ಯಗಳಿಗೆ ಒಂದರಿಂದ ಏಳು ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಲು ಅದರಲ್ಲಿ ಅವಕಾಶವಿದೆ. ಒಳ್ಳೆಯದು. ಆದರೆ ಕಾನೂನು ಬರುವುದು ಹಲ್ಲು ಕಿತ್ತ ಮೇಲೆ. ಅದಕ್ಕೂ ಮೊದಲು ಬರಬೇಕಾದದ್ದು ನೆರೆಯವನ ಒಂದು ಪ್ರಶ್ನೆ.

ಹಾಗೆಂದು ಮೊಮ್ಮಗಳ ಪುಸ್ತಕಗಳಿಗೆ ಪೂರ್ಣ ಅಂಕ ಕೊಡುವವನಲ್ಲ ನಾನು. ಮಾಸ್ತರನ ಕೆಂಪು ಶಾಯಿ ಅಷ್ಟು ಬೇಗ ಒಣಗುವುದಿಲ್ಲ. ಈ ಕಥೆಗಳಲ್ಲಿ ತೋಳಕ್ಕೂ ಬಾವಲಿಗೂ ಬಹಳ ಅನ್ಯಾಯವಾಗಿದೆ. ನಿಜವಾಗಿ ರಕ್ತ ಕುಡಿಯುವ ಬಾವಲಿಗಳು ಜಗತ್ತಿನಲ್ಲಿರುವುದು ಮೂರೇ ಜಾತಿ; ಮೂರೂ ಅಮೆರಿಕ ಖಂಡಗಳಲ್ಲೇ ಇವೆ. ನಮ್ಮ ಆಲದ ಮರಗಳಲ್ಲಿ ನೇತಾಡುವ ದೊಡ್ಡ ಬಾವಲಿಗಳು ಹಣ್ಣು ತಿಂದು ಬೀಜ ಹರಡುವ ಸಾಧು ಜೀವಿಗಳು. ತೋಳವಾದರೂ ಇಂದು ಮನುಷ್ಯನಿಗೆ ಅಂಜಿ ಬದುಕುತ್ತಿದೆ. ನಮ್ಮ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು; ಸುಮಾರು 134 ಚದರ ಕಿಲೋಮೀಟರಿನ ಆ ಒಣಭೂಮಿಯ ಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಗೇ, ನಮ್ಮ ತೋಳದ ಹೆಸರೂ ಇದೆ. ಹುಣ್ಣಿಮೆಯ ರಾತ್ರಿ ಮನುಷ್ಯ ತೋಳವಾಗುವುದನ್ನು ಓದಿ ನಕ್ಕ ಮಕ್ಕಳು, ಒಮ್ಮೆ ಚಿಂಚೋಳಿಗೆ ಹೋಗಿ ನಿಜವಾದ ತೋಳದ ಪಾಡನ್ನೂ ತಿಳಿದು ಬರಲಿ.

ಇನ್ನೊಂದು ಮಾತು. ಎಲ್ಲ ನಗುವೂ ಒಳ್ಳೆಯದಲ್ಲ. ದುರ್ಯೋಧನನನ್ನು ನೋಡಿ ಮರುಳುಗಳು ನಕ್ಕರೆ ಅದು ಹಾಸ್ಯ, ಏಕೆಂದರೆ ಅವನು ಅರಸ. ಬೊಗಳುವ ಹುಡುಗಿಯನ್ನು ನೋಡಿ ನಕ್ಕರೆ ಅದು ಕಲ್ಲೆಸೆತದ ಇನ್ನೊಂದು ರೂಪ. ಮಾರ್ಟಿನೆಜ್‌ರ ಕಾದಂಬರಿಯಲ್ಲಿ ನನಗೆ ಮೆಚ್ಚಿಗೆಯಾದದ್ದೂ ಇದೇ. ಅಲ್ಲಿನ ಪಿಶಾಚಿ ಮತ್ತು ತೋಳಮಾನವರನ್ನು ಲೇಖಕರು ನಗೆಗೀಡು ಮಾಡುತ್ತಾರೆ, ಹೀನೈಸುವುದಿಲ್ಲ. ಊರಿಗೆ ಬಂದ ಇಬ್ಬರು ವಿಚಿತ್ರ ಪರದೇಶಿಗಳಿಗೆ ಖಾನಾವಳಿಯ ಒಡತಿ ಊಟ ಬಡಿಸುತ್ತಾಳೆ, ಕೆಲಸ ಕೊಡುತ್ತಾಳೆ. ಅವರು ಏನೆಂಬುದು ತಿಳಿದ ಮೇಲೂ ಹಲ್ಲು ಕೀಳಲು ಜನ ಕರೆಯುವುದಿಲ್ಲ. ನಿಜವಾಗಿಯೂ ರಕ್ತ ಕುಡಿಯುವವನಿಗೆ ಆ ಊರು ಕೊಟ್ಟ ಜಾಗವನ್ನು, ನೀರು ತುಂಬುತ್ತಿದ್ದ ಆಯಿಗೆ ನಮ್ಮ ಊರು ಕೊಡಲಿಲ್ಲವಲ್ಲ ಎಂದು ಪುಸ್ತಕ ಮುಚ್ಚಿದ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಇದನ್ನೆಲ್ಲ ಅಕ್ಕನಿಗೂ ಹೇಳಿದೆ. ಆ ಹಳ್ಳಿಯ ಸಂಗತಿಯನ್ನು ಅವಳಿಗೆ ಹೇಳಿದ್ದು ಅದೇ ಮೊದಲು. ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೇನು?" ಎಂದಳು. ಅನಂತರ ಮೊಮ್ಮಗಳನ್ನು ಕರೆದು, ಆ ಪುಸ್ತಕದಲ್ಲಿ ದೆವ್ವದ ಆಕಳು ಬರುತ್ತದಲ್ಲ, ಅದು ಹಾಲು ಕೊಡುತ್ತದೆಯೋ ಇಲ್ಲವೋ ಎಂದು ವಿಚಾರಿಸಿದಳು. ಮೊಮ್ಮಗಳು ಕನ್ನಡದಲ್ಲಿ ಕಥೆ ಹೇಳತೊಡಗಿದಳು. ಮುಸ್ಸಂಜೆ ದಾಟಿದ್ದನ್ನು ಯಾರೂ ಗಮನಿಸಲಿಲ್ಲ.

ಪ್ರಿಯ ವಿದ್ಯಾರ್ಥಿ ಮಿತ್ರರೇ, ನಿಮ್ಮ ಮಕ್ಕಳು ಇಂಥ ಪುಸ್ತಕ ಹಿಡಿದರೆ ಕಿತ್ತುಕೊಳ್ಳಬೇಡಿ. ಅವರ ಪಕ್ಕದಲ್ಲಿ ಕುಳಿತು, ನಗು ಬಂದಲ್ಲಿ ನಗಿರಿ, ರನ್ನನ ಮರುಳುಗಳ ಬಗ್ಗೆಯೂ ಹೇಳಿರಿ. ಬರೆಯುವ ಶಕ್ತಿಯಿರುವವರು ನಮ್ಮ ವಾಡಿಯ ದೆವ್ವಗಳ ಬಗ್ಗೆ ಒಂದು ಕಾದಂಬರಿಯನ್ನಾದರೂ ಬರೆಯಿರಿ. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಹೊರಟಂದಿನಿಂದ ಈ ಜಂಕ್ಷನ್ನಿನಲ್ಲಿ ಗಾಡಿ ತಪ್ಪಿಸಿಕೊಂಡ ದೆವ್ವಗಳು ಎಷ್ಟಿರಬಹುದೆಂದು ಯೋಚಿಸಿ ನೋಡಿ. ಆದರೆ ನಿಮ್ಮ ಓಣಿಯಲ್ಲಿ ಯಾರಾದರೂ ಬದುಕಿರುವ ಒಬ್ಬ ಮನುಷ್ಯರತ್ತ ಬೆರಳು ತೋರಿಸಿ 'ಇವರೇ ಮಾಡಿದ್ದು' ಎಂದಾಗ, ದಯವಿಟ್ಟು ಅಗಳಿ ಹಾಕಿಕೊಳ್ಳಬೇಡಿ. ಹೊರಗೆ ಬಂದು ಒಂದು ಪ್ರಶ್ನೆ ಕೇಳಿರಿ. ನಾನು ಕಲಿಸಿದ ವ್ಯಾಕರಣವನ್ನೆಲ್ಲ ನೀವು ಮರೆತರೂ ನನಗೆ ಬೇಸರವಿಲ್ಲ, ಇದೊಂದನ್ನು ಮರೆಯಬೇಡಿ.